ಸುಮನ್ ಮತ್ತು ನಮ್ಮ ಮನೆಯ ಕಾಸಿದ ನೀರು

ಆಗೆಲ್ಲ ಗಡಿಯ ಹೊಳೆದಂಡೆಯ ಊರು ಜುಗೂಳದ ನಮ್ಮ ಹೊಲದಲ್ಲಿ ಕಬ್ಬಿನ ಸುಗ್ಗಿ ಶುರುವಾಯಿತೆಂದರೆ ನನಗೊಬ್ಬಳು ಗೆಳತಿ ಬರುತ್ತಿದ್ದಳು, ಸುಮನ್. ಅವಳ ಅಪ್ಪ-ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರದಿಂದ ಬಂದು ನಮ್ಮ ಬದುವಿನಲ್ಲೇ ಗುಡಿಸಲು ಹಾಕುತ್ತಿದ್ದರು. ಕಬ್ಬಿನ ಒಣಗರಿ, ಅಂದರೆ ರವದಿ, ಸುಟ್ಟ ವಾಸನೆ, ಅವಳವ್ವ ಬಡಿದುಕೊಡುತ್ತಿದ್ದ ಬಿಸಿ ಸಜ್ಜಿ ಭಕ್ರಿ, ಅಂದರೆ ಸಜ್ಜೆ ರೊಟ್ಟಿ, ಮೇಲೆ ಮೆಣಸಿನಕಾಯಿ ಕುಟ್ಟಿದ ಖಾರದ ಠೇಚಾ. ನಾವಿಬ್ಬರೂ ಮಣ್ಣಲ್ಲಿ ಕೂತು ಕಾಯಿ ತೂರಿ ಹಿಡಿಯುತ್ತ ಗಜಗ ಆಡುತ್ತಿದ್ದೆವು. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ನನಗೆ ಮರಾಠಿ ಸಲೀಸಾಗಿತ್ತು.

ನಾನು ನಾಲ್ಕನೇ ಇಯತ್ತೆಯಲ್ಲಿ ಓದುತ್ತಿದ್ದಾಗ ಊರಲ್ಲಿ ವಾಂತಿ-ಭೇದಿ ಎದ್ದಿತು. ದವಾಖಾನೆಯ ನರ್ಸಕ್ಕ ಗುಡಿಸಲುಗಳಿಗೂ ಕನ್ನಡದ ಚೀಟಿ ಹಂಚಿದ್ದಳು. ಕನ್ನಡ ಓದಲು ಬಾರದ ಅವರು ಅದರಲ್ಲಿ ತಂಬಾಕು ಕಟ್ಟಿಟ್ಟುಕೊಂಡರು. ನರ್ಸಕ್ಕನ ಮರಾಠಿ ಅಷ್ಟಕ್ಕಷ್ಟೇ. ಕೊನೆಗೆ ನನ್ನನ್ನು ಕರೆದಳು.

"ತಂಗೀ, ನೀ ಹೇಳಿದ್ರ ಅವರಿಗೆ ತಿಳೀತೈತಿ. ಹೊಳಿ ನೀರಾಗ ರೋಗ ಐತಿ, ಕುದಿಸಿ ಕುಡೀರಿ ಅಂತ ಎಲ್ಲಾ ಗುಡಸಲಕ್ಕೂ ಹೋಗಿ ಹೇಳ."

ನನಗೆ ಎಲ್ಲಿಲ್ಲದ ಧಿಮಾಕು ಬಂತು. ಮೊದಲು ಸುಮನ್‌ಳ ಅವ್ವನಿಗೇ ಹೇಳಿದೆ, ನೀರು ಕುದಿಸಬೇಕಂತೆ ಎಂದು. ಯಾಕೆ ಅಂತ ಕೇಳಿದಳು. ನಮ್ಮ ಆಯಿ, ಅಂದರೆ ನನ್ನಜ್ಜಿ, ನೀರು ಸೋಸಿ ಕಾಸಿಯೇ ಕುಡಿಯುವವಳು, ಅವಳಿಗದು ಧರ್ಮ. ನನ್ನ ಬಾಯಿಗೆ ಮೊದಲು ಬಂದದ್ದೂ ಅದೇ. ರೋಗದ ಮಾತು ಬಿಟ್ಟು, ನಾವು ಜೈನರು, ಇದು ನಮ್ಮಂಥವರ ಮನೆಯ ಪದ್ಧತಿ ಎಂದು ಗತ್ತಿನಿಂದ ಹೇಳಿಬಿಟ್ಟೆ. ನನ್ನ ಬಾಯಿಗೆ ಮಣ್ಣು ಬೀಳಲಿ. ಆಕೆ ಗೌರವದಿಂದ ತಲೆಯಾಡಿಸಿ ತನ್ನ ಕೆಲಸಕ್ಕೆ ಹೋದಳು.

ಉಳಿದ ಗುಡಿಸಲುಗಳಿಗೆ ನಾನು ಹೋಗಲೇ ಇಲ್ಲ, ಗಜಗ ಆಡುತ್ತ ಕೂತೆ. ಸಂಜೆ ನರ್ಸಕ್ಕ ಕೇಳಿದಾಗ ಎಲ್ಲರಿಗೂ ಹೇಳೇನಿ ಅಂದೆ. ಆಕೆ ಶಾಬಾಸ್ ಎಂದು ಬೆನ್ನು ತಟ್ಟಿದಳು.

ನಾಲ್ಕನೇ ದಿನ ಸುಮನ್ ವಾಂತಿ-ಭೇದಿಯಾಗಿ ಮಲಗಿಬಿಟ್ಟಳು. ಟ್ರ್ಯಾಕ್ಟರಿನಲ್ಲಿ ಹಾಕಿ ದವಾಖಾನೆಗೆ ಒಯ್ದರು. ಅವಳ ಕಣ್ಣುಗಳು ಗುಳಿಬಿದ್ದಿದ್ದವು. ಹತ್ತಿರ ಹೋಗುವ ಧೈರ್ಯವಾಗದೆ ನಮ್ಮ ಮನೆಯ ಗೋಡೆಯ ಮರೆಯಲ್ಲಿ ನಿಂತು ನೋಡಿದೆ. ಸುಮನ್ ಉಳಿಯಲಿಲ್ಲ.

ಕೆಲವು ದಿನಗಳಾದ ಮೇಲೆ ಅವಳವ್ವ ಸಣ್ಣ ಮಗನನ್ನು ಬಗಲಲ್ಲಿ ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ಹೊಸ್ತಿಲು ದಾಟಲಿಲ್ಲ. ಆಯಿಯನ್ನು ಮರಾಠಿಯಲ್ಲಿ ಕೇಳಿದಳು:

"ಈ ಕೂಸಿನ ಸಲುವಾಗಿ ನಾವೂ ನೀರ ಕಾಸಿಕೊಂಡ್ರ ನಿಮಗ ನಡೀತೈತೇನ್ರಿ, ಆಯಿ?"

ಇದೇನು ಕೇಳುವ ಮಾತೇ, ನಿಮಗೆ ಬೇಡ ಅಂದವರ್ಯಾರು ಎಂದು ಆಯಿ ಗಾಬರಿಯಾದಳು. ಸುಮನ್ ಅವ್ವ ನನ್ನನ್ನೊಮ್ಮೆ ನೋಡಿದಳು, ನನ್ನ ಹೆಸರು ಹೇಳಲಿಲ್ಲ. ನಾನು ಒಳಗೆ ಸರಿದುಬಿಟ್ಟೆ.

ಈಗ ಕಬ್ಬಿಗೆ ಮಷೀನು ಬರುತ್ತದೆ, ಬದುವಿನಲ್ಲಿ ಗುಡಿಸಲಿಲ್ಲ. ಗೋಡೆಗೆ ಫಿಲ್ಟರ್ ಇದೆ. ಆಯಿ ತೀರಿಹೋದಳು, ಅವಳಿಗೂ ನಾನು ನಿಜ ಹೇಳಲಿಲ್ಲ. ಸಜ್ಜಿ ಭಕ್ರಿ ಎಲ್ಲಿ ಬಡಿಸಿದರೂ ನಾಚಿಕೆಯಿಂದ ತಟ್ಟೆ ಸರಿಸುತ್ತೇನೆ. ಮರಾಠಿ ನನಗೆ ಈಗಲೂ ಸಲೀಸು. ಅಂದು ಬೇಕಾಗಿದ್ದದ್ದು ಅದರ ಎರಡೇ ಮಾತು, ನೀರಲ್ಲಿ ರೋಗವಿದೆ ಎಂದು.