ಯಾವ ಬತ್ತೀನಿ, ಅಕ್ಕಾ?

ಟಣ್. ಸ್ವಲ್ಪ ಬಿಟ್ಟು ಇನ್ನೊಂದು ಟಣ್. ಸ್ಟೀಲ್ ಲೋಟ ನೀರಿನ ಬಾಟಲಿಗೆ ಬಡಿಯುವ ಸದ್ದು. ಬೆಟ್ಟ ಹತ್ತಿದ ಆ ಎರಡು ದಿನಗಳನ್ನು ನೆನೆದರೆ ಇವತ್ತಿಗೂ ಮೊದಲು ಕಿವಿಗೆ ಬರುವುದು ಈ ಲೋಟ.

ಲೋಟ ಅಕ್ಕನದು. ಅಕ್ಕ ಅಂದರೆ ನನ್ನ ವಾರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ಬಾಟಲಿ ಕಚ್ಚಿ ಕುಡಿದರೆ ಎಂಜಲು, ಎತ್ತಿ ಕುಡಿದರೆ ಕೆಮ್ಮು. ಅದಕ್ಕೇ ಮೊಮ್ಮಗನ ಹಳೇ ಸ್ಕೂಲ್ ಬ್ಯಾಗಿಗೆ ಲೋಟವನ್ನು ದಾರದಲ್ಲಿ ಬಿಗಿದು, ರೇಷ್ಮೆಯಲ್ಲದ ಒಂದು ಸೀರೆ ಉಟ್ಟು, ಕಾಲಿಗೆ ಅದೇ ಮೊಮ್ಮಗನ ಸ್ಪೋರ್ಟ್ಸ್ ಶೂ ಹಾಕಿಕೊಂಡು ಅರಸೀಕೆರೆ ಬಸ್ ಸ್ಟ್ಯಾಂಡಿಗೆ ಬಂದು ನಿಂತಿದ್ದರು.

“ಅಕ್ಕಾ, ಗಂಟೆ ಕಟ್ಟಿದ ಹಸು ಥರ ಆಗಿದೀರಲ್ಲ!” ಅಂದೆ.

“ಒಳ್ಳೇದೇ ಆಯ್ತು ಬಿಡು ಕಾನ್ವೆಂಟಮ್ಮ. ಕಳೆದೋದ್ರೆ ಹುಡುಕೋಕೆ ಸಲೀಸು.”

ನಮ್ಮದು ಬೆಳಗಿನ ವಾಕಿಂಗ್ ಗ್ರೂಪು. ಎಲ್ಲರೂ ಅರವತ್ತು ದಾಟಿದ ಹೆಂಗಸರು. ಲೀಡರ್ ಅಂದರೆ ರಿಟೈರ್ ಆಗಿದ್ದ ಪಿ.ಟಿ. ಮೇಡಂ, ಕೊರಳಲ್ಲಿ ತಾಳಿಯ ಜೊತೆಗೆ ಸೀಟಿಯೂ ನೇತಾಡುತ್ತಿತ್ತು. ಇನ್ನೊಬ್ಬರು ಕೊಬ್ಬರಿ ಮಂಡಿಯವರ ಹೆಂಡತಿ. ಅವರ ಬ್ಯಾಕ್‌ಪ್ಯಾಕ್ ತುಂಬ ನಿಪ್ಪಟ್ಟು, ಚಟ್ನಿಪುಡಿ. ಒಂದು ಟವೆಲ್ಲಿಗೂ ಜಾಗವಿರಲಿಲ್ಲ.

“ಹಬ್ಬಕ್ಕೆ ಮಂಡಿ ರಜಾ ಕಣ್ರೀ, ಇಲ್ದಿದ್ರೆ ನಮ್ಮನೇವ್ರು ಬಿಡ್ತಾ ಇರ್ಲಿಲ್ಲ” ಅಂದರು ಅವರು.

“ನಿಮ್ ಮಂಡಿ ಹಬ್ಬಕ್ಕೆ ರಜಾ, ನನ್ ಮಂಡಿ ವರ್ಷವೆಲ್ಲಾ ರಜಾ” ಎಂದು ಅಕ್ಕ ತಮ್ಮ ಬಲ ಮೊಣಕಾಲನ್ನು ತಟ್ಟಿ ತೋರಿಸಿದರು.

ಆ ಮೊಣಕಾಲೇ ನಮ್ಮೆಲ್ಲರ ಚಿಂತೆ. ದೀಪಾವಳಿ ಕಳೆದ ಮೇಲೆ ಆಪರೇಷನ್ ಅಂತ ಡಾಕ್ಟರು ಹೇಳಿಯಾಗಿತ್ತು. ಬೆಟ್ಟಗಿಟ್ಟ ಬೇಡವೇ ಬೇಡ ಅಂತ ಮನೆಯವರೆಲ್ಲ ಗದರಿಸಿದ್ದರು. ಅಕ್ಕ ಬಗ್ಗಲಿಲ್ಲ. ಅವರ ತವರು ಜಾವಗಲ್ ಹತ್ತಿರ. ಹಿತ್ತಲಲ್ಲಿ ನಿಂತರೆ ಪಡುವಣ ದಿಕ್ಕಿಗೆ ಬೆಟ್ಟದ ಸಾಲು ನೀಲಿಯಾಗಿ ಕಾಣುತ್ತದೆ. ಚಿಕ್ಕವರಿದ್ದಾಗ ಅಲ್ಲಿಗೆ ಹೋಗಬೇಕು ಅಂತ ಹಟ ಹಿಡಿದರೆ ಅವರವ್ವ, “ದೂರದ ಬೆಟ್ಟ ನುಣ್ಣಗೆ ಕಣೇ, ಸುಮ್ನೆ ಸಗಣಿ ಬಾಚು” ಅನ್ನುತ್ತಿದ್ದರಂತೆ. ಆಮೇಲೆ ಮದುವೆ, ಮಕ್ಕಳು, ಬಾಣಂತನಗಳು.

“ಮಂಡಿ ಕೊಯ್ಸೋಕೆ ಮುಂಚೆ ಒಂದ್ ಸಲ ತುದಿಗೆ ಹೋಗಿ ಮುಟ್ಟಿ ನೋಡ್ಬಿಡ್ತೀನಿ, ನುಣ್ಣಗೈತೋ ಇಲ್ವೋ” ಅನ್ನುವುದೊಂದೇ ಅವರ ಮಾತು.

“ಇದು ಆಟಮ್ ಟ್ರೆಕ್, ಲೇಡೀಸ್!” ಎಂದು ಪಿ.ಟಿ. ಮೇಡಂ ಸೀಟಿ ಊದಿದರು. ಆಟಮ್ ಅಂದ ಕೂಡಲೇ ನನಗೆ ನಮ್ಮ ಕಾನ್ವೆಂಟಿನ ಸಿಸ್ಟರ್ ನೆನಪು. “ಕೊನೇ ಎನ್ ಸೈಲೆಂಟ್, ಗರ್ಲ್ಸ್” ಅನ್ನುತ್ತಿದ್ದರು. ಎಲೆಗಳೆಲ್ಲ ಕೆಂಪಾಗಿ ಉದುರುತ್ತವೆ ಅಂತ ಬೇರೆ ಬರೆಸಿದ್ದರು. ಮೈ ಡಿಯರ್ ಸಿಸ್ಟರ್, ನಮ್ಮ ಕಡೆ ಆಟಮ್‌ನಲ್ಲಿ ಏನೂ ಉದುರುವುದಿಲ್ಲ. ಜಾವಗಲ್ ದಾಟುವವರೆಗೂ ಬಸ್ಸಿನ ಎರಡೂ ಕಡೆ ಹುಚ್ಚೆಳ್ಳು ಹೂ ಬಿಟ್ಟು ಹೊಲಗಳೆಲ್ಲ ಹಳದಿ, ನಡುನಡುವೆ ರಾಗಿ ತೆನೆ ಬಾಗಿ ನಿಂತಿತ್ತು.

ಹಳೇಬೀಡಿನಲ್ಲಿ ಬಸ್ಸು ನಿಂತಾಗ, ಇಳಿದು ಒಂದು ಫೋಟೋ ತೆಗೆದುಕೊಳ್ಳೋಣವೇ ಅಂದೆ.

“ಕೆತ್ತಿದ ಕಲ್ಲು ನೋಡಿ ನೋಡಿ ಸಾಕಾಗೈತೆ. ಕೆತ್ತದೆ ಇರೋ ಕಲ್ಲು ನೋಡೋಣ ನಡಿ” ಅಂದರು ಅಕ್ಕ.

ಬೇಲೂರಿನಿಂದ ಜೀಪು. ತಪ್ಪಲಿನಿಂದ ನಡಿಗೆ. ಮಳೆ ನಿಂತು ಹುಲ್ಲು ಸೊಂಟದುದ್ದ ಬೆಳೆದಿತ್ತು. ಜಿಗಣೆಗೆ ಹೆದರಿ ನಾನು ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿಕೊಂಡಿದ್ದೆ; ಅಕ್ಕ ಕಾಲಿಗೆ ಸುಣ್ಣ ಹೊಗೆಸೊಪ್ಪು ತಿಕ್ಕಿಕೊಂಡಿದ್ದರು. ಜಿಗಣೆ ಇಬ್ಬರನ್ನೂ ಬಿಡಲಿಲ್ಲ. ಸಂಜೆ ಹೊತ್ತಿಗೆ ಬೆಟ್ಟದ ಹೆಗಲ ಮೇಲಿನ ಸಣ್ಣ ಗುಡಿ ತಲುಪಿ, ಅದರ ಪಕ್ಕದ ತಗಡಿನ ಸೂರಿನ ಹಾಲ್‌ನಲ್ಲಿ ಸಾಲಾಗಿ ಮಲಗಿದೆವು. ಸ್ಕೂಲ್ ಹಾಸ್ಟೆಲ್ಲೇ ಸರಿ. ಯಾರೋ ಜೋಕ್ ಹೇಳುವುದು, ಇನ್ಯಾರೋ ಗೊರಕೆ ಹೊಡೆದಂತೆ ನಟಿಸುವುದು, ಮೇಡಂ “ಸೈಲೆನ್ಸ್!” ಅಂತ ಕೂಗಿ ತಾವೇ ನಕ್ಕುಬಿಡುವುದು.

ಬೆಳಿಗ್ಗೆ ತುದಿಗೆ ಹೊರಟಾಗ ಮಂಜು. ಕೊನೆಯ ಏರು ಶುರುವಾಗುವ ಜಾಗದಲ್ಲಿ ಅಕ್ಕ ಒಂದು ಬಂಡೆಯ ಮೇಲೆ ಕೂತುಬಿಟ್ಟರು. ಮುಖ ಬಿಳುಚಿತ್ತು. ನಾನೂ ಪಕ್ಕದಲ್ಲಿ ಕೂರಲು ಹೋದೆ.

“ನೀನ್ ನಡಿಯೇ, ನನಗೇನು ಕಾವಲಾ?” ಅಂದರು. ಕೆಳಗೆ ಗುಡಿಯ ಕಡೆ ಒಮ್ಮೆ ನೋಡಿ, ಬ್ಯಾಗು ಹೆಗಲಿಗೇರಿಸಿಕೊಂಡು, “ಬತ್ತೀನಿ” ಅಂದರು.

ನಮ್ಮ ಕಡೆ ಹೊರಡುವವರು ಯಾರೂ ಹೋಗ್ತೀನಿ ಅನ್ನುವುದಿಲ್ಲ, ಅದು ಅಪಶಕುನ. ಬತ್ತೀನಿ ಅಂದರೆ ಹೊರಟರು ಅಂತಲೇ ಅರ್ಥ. ಎಲ್ಲರೂ ಹಾಗೇ ತಿಳಿದೆವು. “ವೈಸ್ ಡಿಸಿಷನ್” ಅಂದರು ಮೇಡಂ. ನಾನು ಹಿಂದೆ ತಿರುಗಿ ನೋಡುವಷ್ಟರಲ್ಲಿ ಮಂಜು ಅಕ್ಕನನ್ನು ನುಂಗಿತ್ತು.

ತುದಿಯಲ್ಲಿ ಎಲ್ಲರೂ ಕುಣಿದಾಡಿದರು. ನಾನು ಮಾತ್ರ ನನ್ನ ಪಾಲಿನ ನಿಪ್ಪಟ್ಟನ್ನು ಹಾಗೇ ಸುತ್ತಿಟ್ಟೆ. ಬಂದಿದ್ದು ಯಾರ ಆಸೆಗೆ, ಇಲ್ಲಿ ನಿಂತಿರುವುದು ಯಾರು! ಅಕ್ಕನಿಗೆ ಮುಟ್ಟಿ ನೋಡಲು ಒಂದು ಕಲ್ಲನ್ನಾದರೂ ಒಯ್ಯೋಣ ಅಂತ ಬಗ್ಗಿ ಆರಿಸುತ್ತಿದ್ದೆ.

ಟಣ್.

ಎಲ್ಲರೂ ತಿರುಗಿ ನೋಡಿದರು. ಮಂಜಿನೊಳಗಿನಿಂದ ಇನ್ನೊಂದು ಟಣ್. ಆಮೇಲೆ ಒಂದು ಕೈ, ಒಂದು ಕೆದರಿದ ತುರುಬು, ಹಿಂಭಾಗವೆಲ್ಲ ಕೆಸರಾದ ಸೀರೆ.

“ಒಂದ್ ನಿಪ್ಪಟ್ಟಾದ್ರೂ ಉಳ್ಸಿದ್ದೀರೇನ್ರೇ?”

“ಅಕ್ಕಾ! ಬತ್ತೀನಿ ಅಂದ್ರಿ, ಹೋದ್ರಿ ಅಂದ್ಕೊಂಡ್ವಿ!”

“ಬತ್ತೀನಿ ಅಂದ್ರೆ ಬತ್ತೀನಿ ಅಂತಲೇ ಕಣೇ! ಕಾನ್ವೆಂಟಲ್ಲಿ ಅಷ್ಟೂ ಹೇಳ್ಕೊಡ್ಲಿಲ್ವಾ?”

“ಮತ್ತೆ ನನ್ನನ್ಯಾಕೆ ಕಳಿಸಿದ್ರಿ?”

“ನಿನ್ ಕಣ್ಣೆದುರಿಗೆ ಅಂಡು ಊರ್ಕೊಂಡು ಹತ್ತೋಕೆ ನಾಚಿಕೆ ಆಗ್ತಿತ್ತು.”

ನಕ್ಕು ನಕ್ಕು ಮೇಡಂ ಬಾಯಲ್ಲಿದ್ದ ಸೀಟಿ ತಾನಾಗಿಯೇ ಊದಿತು. ಅಕ್ಕ ಬಂಡೆಯ ಮೇಲೆ ಅಂಗೈ ಊರಿ ನಿಧಾನವಾಗಿ ಸವರಿದರು. “ಒರಟು. ಅವ್ವ ಹೇಳಿದ್ದು ನಿಜವೇ.” ಅಷ್ಟರಲ್ಲಿ ಮಂಜು ಸರಿದು ಮೂಡಣ ಬಯಲು ತೆರೆದುಕೊಂಡಿತು. ತಮ್ಮ ಊರೆಲ್ಲಿ ಅಂತ ಕೇಳಿದರು. ಮೇಡಂ ಅಂದಾಜಿನಲ್ಲಿ ಕೈ ತೋರಿಸಿದರು. ಹಳದಿ ಹಸಿರು ಕಲಸಿ ಬಳಿದಂತಿತ್ತು.

“ಅಯ್ಯೋ, ನಮ್ಮೂರು ಎಷ್ಟು ನುಣ್ಣಗೈತೆ ನೋಡೇ!” ಅಂದರು ಅಕ್ಕ. ಕಣ್ಣಲ್ಲಿ ನೀರು, ಬಾಯಲ್ಲಿ ನಿಪ್ಪಟ್ಟು.

ಆಪರೇಷನ್ ಆಗಲೇ ಇಲ್ಲ. ದೀಪಾವಳಿಗೆ ಮೊದಲೇ, ತವರಿನಲ್ಲಿ, ನಿದ್ದೆಯಲ್ಲೇ ಅಕ್ಕ ಹೋಗಿಬಿಟ್ಟರು. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಗಾಗಿ ಅವರನ್ನು ನಾನು ಕೊನೆಯ ಸಲ ನೋಡಿದ್ದು ಬೆಟ್ಟದಿಂದ ವಾಪಸ್ ಬರುವಾಗ, ಜಾವಗಲ್ಲಿನಲ್ಲಿ. ನಾನು ಆರಿಸಿದ ಕಲ್ಲನ್ನು ತವರಿನಲ್ಲಿದ್ದ ತಮ್ಮ ಅಣ್ಣನಿಗೆ ತೋರಿಸಬೇಕು ಅಂತ ಬ್ಯಾಗಿಗೆ ಹಾಕಿಕೊಂಡು ಬಸ್ಸಿಳಿದರು. ಕಿಟಕಿಯ ಕೆಳಗೆ ಬಂದು, “ಬತ್ತೀನಿ ಕಣೇ” ಅಂದರು.

“ಯಾವ ಬತ್ತೀನಿ ಅಕ್ಕಾ? ಹೋಗೋದಾ, ಬರೋದಾ?”

ಬಸ್ಸು ಹೊರಟಿತ್ತು. ಅಕ್ಕ ಬೆನ್ನು ತಿರುಗಿಸಿ, ಲೋಟ ಟಣಟಣ ಬಡಿಯುವಂತೆ ಬ್ಯಾಗನ್ನು ಜೋರಾಗಿ ಕುಲುಕಿ ತೋರಿಸಿದರು.