ಹೇಳಿ ಹೋಗಲು ಬಂದವರು

ನಾನು ಶಾಲೆ ಬಿಟ್ಟಿದ್ದು ೧೯೮೬ರಲ್ಲಿ, ಏಳನೇ ಕ್ಲಾಸಿಗೆ. ಪುಸ್ತಕ ಓದಲಿಲ್ಲ, ಮನುಷ್ಯರ ಕೈ ನೋಡಿ ಅವರನ್ನು ಅಳೆಯಲು ಕಲಿತೆ. ನಮ್ಮ ಮೆಂಬರ್ರ ಬಲಗೈಯ ನಡುಬೆರಳಿನ ಗೆಣ್ಣು ಗೋಟಡಿಕೆಯಷ್ಟು ದಪ್ಪವಿತ್ತು. ಅದರ ಮೇಲಿನ ಚರ್ಮ ನೊಗ ಹೊತ್ತ ಎತ್ತಿನ ಹೆಗಲಿನಂತೆ ಜಡ್ಡುಗಟ್ಟಿತ್ತು. ಬಾಗಿಲು ತಟ್ಟಿ ತಟ್ಟಿ ಆದದ್ದು. ಇಪ್ಪತ್ತು ವರ್ಷ ಚುನಾವಣೆಗೆ ನಿಂತವರ ಮೈಮೇಲೆ ಬೇರೆ ಯಾವ ಗುರುತನ್ನೂ ನಾನು ಕಾಣಲಿಲ್ಲ. ಬಂಗಾರದ ಗಡಿಯಾರ ಇರಲಿಲ್ಲ, ಒಳ್ಳೆಯ ಕೋಟೂ ಇರಲಿಲ್ಲ.

ಅವರು ನಮ್ಮ ಕ್ಷೇತ್ರದಿಂದ ರಾಜ್ಯದ ಶಾಸನಸಭೆಗೆ ಹೋಗುತ್ತಿದ್ದವರು. ಇಲ್ಲಿ ಸಿಯಾಟಲ್ ಕಡೆಯವರು ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ. ನಮ್ಮೂರ ಕಡೆ ಪಂಚಾಯತಿಗೆ ಗೆದ್ದವರನ್ನೂ ಮೆಂಬರ್ರು ಅನ್ನುತ್ತೇವೆ, ಹಾಗಾಗಿ ನನಗೆ ಅವರು ಕೊನೆಯವರೆಗೂ ಮೆಂಬರ್ರೇ. ಅರ್ಥ ಕೇಳಿ ತಿಳಿದುಕೊಂಡ ಮೇಲೆ ಅವರೂ ಅದಕ್ಕೆ ಓಗೊಡುತ್ತಿದ್ದರು.

ನನ್ನದು ಛಾವಣಿಯ ಪಾಚಿ ಕೆರೆಯುವ ಕೆಲಸ. ಇಲ್ಲಿನ ಮಳೆಗೆ ಮನೆಗಳ ಮಾಡಿನ ಮೇಲೆ ಹಸಿರು ಕಂಬಳಿ ಹೊದಿಸಿದ ಹಾಗೆ ಪಾಚಿ ಬೆಳೆಯುತ್ತದೆ. ಬಿಟ್ಟರೆ ಹಲಗೆ ಕೊಳೆಯುತ್ತದೆ. ಮುಂಬೈಯಲ್ಲಿ ಹೋಟೆಲ್ ಕೆಲಸ, ಆಮೇಲೆ ಹಡಗಿನ ಅಡುಗೆ, ಕೊನೆಗೆ ಇಲ್ಲಿ ಏಣಿ. ನಾನು ಕೆರೆದ ಮಾಡಿನಲ್ಲಿ ಎರಡು ಮಳೆಗಾಲ ಪಾಚಿ ಏಳುವುದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಾತೆಲ್‌ನ ನಾರ್ತ್ ಕ್ರೀಕ್‌ನಲ್ಲಿ ನಮ್ಮ ಸುತ್ತಮುತ್ತ ಇರುವವರೆಲ್ಲ ಕಂಪ್ಯೂಟರ್ ಜನ. ಅವರ ತಲೆಗಳನ್ನು ಮೇಲಿನಿಂದ ನೋಡಿ ಗೊತ್ತಿತ್ತೇ ಹೊರತು ಮುಖ ಅಷ್ಟಾಗಿ ಗೊತ್ತಿರಲಿಲ್ಲ.

ಮೆಂಬರ್ರು ಮೊದಲ ಸಲ ನಮ್ಮ ಮನೆ ಬಾಗಿಲು ತಟ್ಟಿದಾಗ ನಾನಿನ್ನೂ ಇಲ್ಲಿನ ಪ್ರಜೆಯಾಗಿರಲಿಲ್ಲ. ನನಗೆ ವೋಟಿಲ್ಲ, ಮುಂದಿನ ಮನೆಗೆ ಹೋಗಿ ಅಂದೆ. ಅವರು ಹೋಗಲಿಲ್ಲ. ಪಾಚಿ ಯಾವ ದಿಕ್ಕಿನ ಮಾಡಿಗೆ ಮೊದಲು ಹಿಡಿಯುತ್ತದೆ ಅಂತ ಕೇಳಿದರು. ಅರ್ಧ ಗಂಟೆ ನಿಂತರು. ಹೊರಡುವಾಗ ಅವರು ಅಂದದ್ದನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ: "ವೋಟಿಲ್ಲದವನ ಬಾಗಿಲೂ ಬಾಗಿಲೇ."

ಕಾಲಿಂಗ್ ಬೆಲ್ ಒತ್ತುತ್ತಿರಲಿಲ್ಲ. ಬೆಲ್ ಒತ್ತಿದರೆ ಜನ ಕ್ಯಾಮೆರಾದಲ್ಲಿ ನೋಡಿ ಸುಮ್ಮನಿರುತ್ತಾರೆ, ತಟ್ಟಿದರೆ ಎದ್ದು ಬರುತ್ತಾರೆ ಅನ್ನುತ್ತಿದ್ದರು. ತಟ್ಟಿದ ಮೇಲೆ ಹಿಂದೆ ಸರಿದು, ಮೆಟ್ಟಿಲಿದ್ದರೆ ಒಂದು ಮೆಟ್ಟಿಲು ಇಳಿದು ನಿಲ್ಲುವುದು ರೂಢಿ. ಬಾಗಿಲು ತೆರೆದವರು ಎತ್ತರದಲ್ಲಿರಬೇಕು, ಕೇಳಲು ಬಂದವನು ತಗ್ಗಿನಲ್ಲಿರಬೇಕು, ಅದು ಅವರ ಲೆಕ್ಕ. ಚುನಾವಣೆ ಬಂದರೆ ಅವರ ಹೆಸರಿನ ಬೋರ್ಡುಗಳನ್ನು ನನ್ನ ವ್ಯಾನಿನಲ್ಲಿ ಹೇರಿಕೊಂಡು ಹೋಗಿ ನೆಡುತ್ತಿದ್ದೆವು. ಮನೆಯವರನ್ನು ಕೇಳದೆ ಒಂದು ಬೋರ್ಡನ್ನೂ ನೆಟ್ಟವರಲ್ಲ. ಗೆದ್ದರೂ ಮುಗಿದ ಮರುದಿನವೇ ಕೀಳಲು ಹೊರಡುತ್ತಿದ್ದರು.

ಇಲ್ಲಿ ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಕೆಳಗೆ, ಇವರಿಗೆ ಇಂಥ ಪಕ್ಷ ಇಷ್ಟ ಅಂತ ಅಚ್ಚು ಹಾಕುತ್ತಾರೆ. ನನಗೆ ಅದು ತಮಾಷೆಯಾಗಿ ಕಂಡಿತ್ತು. "ಇಷ್ಟ ಅಷ್ಟೆ, ಮದುವೆ ಅಲ್ಲ," ಅಂತ ಅವರೂ ನಗುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಆ ನಗು ನಿಂತಿತು. ಅಧ್ಯಕ್ಷರ ಅವಧಿಯ ನಡುವೆ ಬರುವ ಮಧ್ಯಂತರ ಚುನಾವಣೆಯ ವರ್ಷ ಬರುತ್ತಿದ್ದ ಹಾಗೆ ದಿನಕ್ಕೊಬ್ಬರು ಟಿವಿಯಲ್ಲಿ ಬಂದು ಇನ್ನು ನಿಲ್ಲುವುದಿಲ್ಲ ಅನ್ನುತ್ತಿದ್ದರು, ಅಥವಾ ಆ ಕಡೆಯಿಂದ ಈ ಕಡೆಗೆ ಹಾರುತ್ತಿದ್ದರು. ಅವರ ನಡುವೆ ನಮ್ಮ ಮೆಂಬರ್ರೂ ಪಕ್ಷ ಬದಲಾಯಿಸಿದರು. ಹಳೆಯವರು ಅವರನ್ನು ಬೈದರು, ಹೊಸಬರು ನಂಬಲಿಲ್ಲ. ಮೇ ತಿಂಗಳಲ್ಲಿ ನಾಮಪತ್ರ ಕೊಡುವ ವಾರ ಬಂತು. ಕೊಟ್ಟರು. ಹಿಂತೆಗೆದುಕೊಳ್ಳುವ ಕೊನೆಯ ದಿನ ಹಿಂತೆಗೆದುಕೊಂಡರು. ನಿವೃತ್ತಿ ಅಂತ ಅವರ ಆಫೀಸಿನಿಂದ ನಾಲ್ಕು ಸಾಲು ಹೊರಬಿತ್ತು. ಯಾಕೆ ಅಂತ ನಾನು ಫೋನಿನಲ್ಲಿ ಕೇಳಿದೆ. "ಎರಡೂ ಕಡೆಯವರು ತಾವೇ ಮಾತು ಬರೆದು ಕೈಗೆ ಕಾಗದ ಕೊಟ್ಟರು, ಬಾಗಿಲಲ್ಲಿ ನಿಂತು ಓದು ಅಂದರು," ಅಂದರು. ಮತ್ತೆ ಮಾತಾಡಲಿಲ್ಲ. ಫೋನು ಇಡಲೂ ಇಲ್ಲ. ಉಸಿರು ಕೇಳುತ್ತಲೇ ಇತ್ತು, ಕೊನೆಗೆ ನಾನೇ ಇಟ್ಟೆ.

ಅದಾಗಿ ಸ್ವಲ್ಪ ದಿನಕ್ಕೆ ಪಕ್ಕದ ಮನೆಯ ಹುಡುಗಿ, ಮೈಸೂರಿನವಳು, ಸಾಫ್ಟ್‌ವೇರ್‌ನಲ್ಲಿ ಇರುವವಳು, ನನ್ನ ಏಣಿಯ ಬುಡಕ್ಕೆ ಬಂದು ಫೋನು ಮೇಲೆತ್ತಿ ತೋರಿಸಿದಳು. ಅವಳ ಮನೆಯ ಬೆಲ್ಲಿನ ಕ್ಯಾಮೆರಾ ಹಿಡಿದ ವಿಡಿಯೋ. ಮೆಂಬರ್ರು ತಟ್ಟುತ್ತಾರೆ. ಹಿಂದೆ ಸರಿಯುತ್ತಾರೆ. ಬಾಗಿಲು ತೆರೆಯುತ್ತದೆ. ಅವರ ಬಾಯಿ ತೆರೆಯುತ್ತದೆ, ಮಾತು ಬರುವುದಿಲ್ಲ. ತೆರೆದ ಬಾಯಿ ಹಾಗೇ ಇರುತ್ತದೆ. ಆಮೇಲೆ ತಲೆಬಾಗಿ ಹೊರಟುಹೋಗುತ್ತಾರೆ.

"ಅಣ್ಣಾ, ಇವ್ರು ನಿಮ್ಮ ಫ್ರೆಂಡ್ ಅಲ್ವಾ? ಮೂರು ಸಲ ಬಂದಿದಾರೆ. ಏನೂ ಕೇಳಲ್ಲ, ಏನೂ ಹೇಳಲ್ಲ. ನಮ್ಮತ್ತೆ ಈಗ ಹಾಲ್‌ನಲ್ಲಿ ಕೂತ್ಕೊಳ್ಳೋಕೇ ಹೆದರ್ತಾರೆ," ಅಂದಳು.

ಇವಳೊಬ್ಬಳ ಮನೆಯದ್ದಲ್ಲ. ಬೀದಿಯವರ ಫೋನ್ ಗ್ರೂಪಿನಲ್ಲಿ ಅಂಥ ಚಿತ್ರಗಳು ತುಂಬಿಹೋಗಿದ್ದವು. ಬೇರೆ ಬೇರೆ ಬಾಗಿಲು, ಅದೇ ಮನುಷ್ಯ, ಅದೇ ತೆರೆದ ಬಾಯಿ. ಕೆಲವು ಚಿತ್ರಗಳಲ್ಲಿ ಸಣ್ಣ ಮಳೆಯಲ್ಲಿ ನೆನೆಯುತ್ತಾ ನಿಂತಿದ್ದರು, ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಕಣ್ಣು ಮಿಟುಕಿಸಿರಲಿಲ್ಲ. ರಸ್ತೆಯ ಕೊನೆಮನೆಯವನು ಬರೆದಿದ್ದ: ನನ್ನ ಬಾಗಿಲಿಗೆ ಬರಲಿ, ಗನ್ ಹಿಡಿದೇ ತೆರೆಯುತ್ತೇನೆ. ಹಿಂದೆಲ್ಲ ತನ್ನ ಅಂಗಳದಲ್ಲಿ ಮೆಂಬರ್ರ ಅತಿ ದೊಡ್ಡ ಬೋರ್ಡನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದವನು ಅವನೇ. ಬರೀ ಬಾಯಿಮಾತು ಅಂತ ನನಗೆ ಅನ್ನಿಸಲಿಲ್ಲ. ಈ ದೇಶದಲ್ಲಿ ಬಾಗಿಲ ಮುಂದೆ ಸುಮ್ಮನೆ ನಿಂತವರಿಗೆ ಗುಂಡು ಬಿದ್ದ ಸುದ್ದಿ ನಾನೂ ಕೇಳಿದ್ದೇನೆ.

ಮನೆಯಲ್ಲಿ ಹೇಳಿದರೆ ಹೆಂಡತಿ ಪಾತ್ರೆ ತೊಳೆಯುತ್ತಲೇ, "ನಿಮಗೆ ಎಂತಕ್ಕೆ ಬೇಕು ಅದು? ಅವರ ಜನ, ಅವರ ಗುಂಡು. ನೀವು ನಡುವೆ ಹೋಗಿ ನಿಲ್ಲಬೇಡಿ ಮಾರಾಯ್ರೆ," ಅಂದಳು.

ಜೂನ್ ಮೊದಲಲ್ಲಿ ಒಂದು ಖಾಲಿ ಮನೆಯ ಮಾಡು ಕೆರೆಯುತ್ತಿದ್ದೆ. ಮನೆಯೊಡತಿ, ಒಬ್ಬಳೇ ಇದ್ದ ಮುದುಕಿ, ಹಿಂದಿನ ವರ್ಷ ತೀರಿಕೊಂಡಿದ್ದಳು. ಮನೆ ಮಾರಾಟಕ್ಕಿತ್ತು. ಮಧ್ಯಾಹ್ನ, ಮೋಡ ಕವಿದು ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಂಡಿಯೂರಿ ಕುಳಿತಿದ್ದೆ. ಮಂಡಿಗೆ ಟಕ್ ಟಕ್ ಅಂತ ಬಡಿಯಿತು. ಕಿವಿಗೆ ಕೇಳುವ ಮೊದಲು ಎಲುಬಿಗೆ ಗೊತ್ತಾಯಿತು. ಮನೆಯ ಒಳಗಿನ ಮರವೆಲ್ಲ ಆ ಸದ್ದನ್ನು ಮೇಲಕ್ಕೆ ತಂದು ನನಗೆ ಮುಟ್ಟಿಸಿದ ಹಾಗಿತ್ತು. ಒಳಗೆ ಕುರ್ಚಿ ಸಹ ಇಲ್ಲದ ಮನೆ ಅದು.

ಅಂಚಿಗೆ ತೆವಳಿ ಕೆಳಗೆ ನೋಡಿದೆ. ಮೆಂಬರ್ರು ತಟ್ಟಿ, ಹಿಂದೆ ಸರಿದು, ಮೆಟ್ಟಿಲಿಳಿದು ನಿಂತಿದ್ದರು. ಬಾಗಿಲು ಮುಚ್ಚಿಯೇ ಇತ್ತು. ಅವರು ಮಾತ್ರ ತಲೆಯೆತ್ತಿ ಯಾರದೋ ಮಾತು ಕೇಳುತ್ತಿದ್ದರು. ಹೂಂಗುಟ್ಟುತ್ತಿದ್ದರು. "ಹೌದು, ಗೊತ್ತು," ಅಂದರು ಒಮ್ಮೆ. ಎಷ್ಟೋ ದಿನಗಳಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ ಮಾತು, ಅದೂ ಯಾರೂ ಇಲ್ಲದ ಮನೆಗೆ.

ಇಳಿದು ಹತ್ತಿರ ಹೋದೆ. ಮನೆ ಮಾರುವ ಏಜೆಂಟ್ ಹೆಂಗಸು ಕೀಲಿಕೈ ಇಟ್ಟು ಹಾಕಿಹೋದ ಬೀಗದ ಡಬ್ಬಿ ಬಾಗಿಲಿನ ಹಿಡಿಗೆ ನೇತಾಡುತ್ತಿತ್ತು. ಗಾಳಿ ಇರಲಿಲ್ಲ. ಡಬ್ಬಿ ಮೆಲ್ಲಗೆ ಆಡುತ್ತಿತ್ತು. ಅವರು ತಟ್ಟಿದ್ದಕ್ಕೆ ಅಲುಗಿರಬೇಕು ಅಂತ ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಅವರು ತಟ್ಟಿ ಬಹಳ ಹೊತ್ತಾಗಿತ್ತು.

ಯಾರ ಹತ್ತಿರ ಮಾತಾಡುತ್ತಿದ್ದೀರಿ ಅಂತ ಕೇಳಿದೆ.

"ಇವಳೊಬ್ಬಳೇ ನನ್ನನ್ನು ಮಾತಾಡಿಸುತ್ತಾಳೆ. ಯಾಕೆ ಹೇಳದೆ ಹೋದೆ ಅಂತ ಕೇಳುತ್ತಾಳೆ," ಅಂದರು.

ಆಗ ನನಗೆ ಗೊತ್ತಾಯಿತು. ಶಾಲೆ ಬಿಟ್ಟ ಮೇಲೆ ಮೂರು ವರ್ಷ ನಾನು ಯಕ್ಷಗಾನದ ಮೇಳವೊಂದರಲ್ಲಿ ವೇಷದ ಪೆಟ್ಟಿಗೆ ಹೊತ್ತವನು. ಕಲಾವಿದರು ಮೇಳ ಬದಲಾಯಿಸುವುದು ನಮ್ಮಲ್ಲಿ ದೊಡ್ಡ ಸಂಗತಿಯಲ್ಲ. ಈ ವರ್ಷ ಅವರು ಯಾವ ಮೇಳ ಅಂತ ಜನ ಕೇಳುತ್ತಾರೆ, ಬೈಯುತ್ತಾರೆ, ಆಟ ಇದ್ದಲ್ಲಿಗೆ ಹೋಗಿ ನೋಡುತ್ತಾರೆ. ಆದರೆ ಅದಕ್ಕೊಂದು ಕ್ರಮ ಇದೆ. ಮೇ ಕೊನೆಗೆ ಪತ್ತನಾಜೆಯ ದಿನ ಆ ವರ್ಷದ ಊರೂರು ತಿರುಗಾಟ ಮುಗಿಸಿ, ಕೊನೆಯ ಆಟ ಆಡಿ, ದೇವರ ಮುಂದೆ ಗೆಜ್ಜೆ ಬಿಚ್ಚಬೇಕು. ಅದಾದ ಮೇಲೆ ಯಾವ ಮೇಳಕ್ಕಾದರೂ ಹೋಗಬಹುದು, ಮನೆಯಲ್ಲೇ ಕೂತರೂ ಆಯಿತು. ರಾಕ್ಷಸರ ಪಾತ್ರ ಮಾಡುವ ಬಣ್ಣದ ವೇಷದವರೊಬ್ಬರು ಒಮ್ಮೆ ಜಗಳವಾಡಿ, ಯಾರಿಗೂ ಹೇಳದೆ, ನಡು ತಿರುಗಾಟದಲ್ಲೇ ಬಿಟ್ಟುಹೋದರು. ಆಮೇಲೆ ನಾವು ಡೇರೆ ಹಾಕಿದ ಊರಿಗೆಲ್ಲ ಬಂದು ವೇಷ ಕಟ್ಟುವ ಚೌಕಿಯ ಹೊರಗೆ ನಿಲ್ಲುತ್ತಿದ್ದರು. ಕರೆದರೆ ಒಳಗೆ ಬರುವುದಿಲ್ಲ, ಓಡಿಸಿದರೆ ಹೋಗುವುದಿಲ್ಲ. ಬಣ್ಣ ಇಲ್ಲದ ಮುಖದಲ್ಲಿ ಹುಬ್ಬು ಮಾತ್ರ ವೇಷದ ಹುಬ್ಬಿನ ಹಾಗೆ ಕುಣಿಯುತ್ತಿತ್ತು. ನಮ್ಮ ಹಿರಿಯ ಭಾಗವತರು, "ಅವನು ಬಂದದ್ದಲ್ಲ, ಇಳಿಸದ ವೇಷ ಅವನನ್ನು ಎಳೆದು ತಂದದ್ದು," ಅನ್ನುತ್ತಿದ್ದರು. ಕೊನೆಗೆ ಅವರೇ ಹೊರಗೆ ಹೋಗಿ ವೀಳ್ಯ ಕೊಟ್ಟು ಕಳಿಸಿಕೊಟ್ಟರು. ಮತ್ತೆ ಆ ಮನುಷ್ಯ ಬರಲಿಲ್ಲ.

ಮೆಂಬರ್ರು ಬಾಗಿಲಿಂದ ಬಾಗಿಲಿಗೆ ಹೋಗಿ ಕೇಳಿ ಪಡೆದದ್ದನ್ನು ನಾಲ್ಕು ಸಾಲಿನಲ್ಲಿ ಬಿಟ್ಟುಕೊಟ್ಟಿದ್ದರು. ನಾನು ಬರುತ್ತೇನೆ, ಎಲ್ಲ ಬಾಗಿಲಿಗೂ ಹೋಗೋಣ, ಹೇಳಿ ಮುಗಿಸೋಣ ಅಂದೆ. ಬಾಗಿಲು ತೆರೆದರೆ ಬಾಯಿಗೆ ಮಾತು ಬರುವುದಿಲ್ಲವಲ್ಲ ಅಂದರು. ನೀವು ತಟ್ಟಿ, ಮಾತು ನನಗಿರಲಿ ಅಂದೆ.

ಸಂಜೆ ಕೆಲಸ ಮುಗಿಸಿ, ಬೆಳಕಿರುವಾಗಲೇ ಹೊರಡುತ್ತಿದ್ದೆವು. ಅವರು ತಟ್ಟುವುದು, ಹಿಂದೆ ಸರಿಯುವುದು. ನಾನು ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳುವುದು: ಇವರು ಇನ್ನು ಬರುವುದಿಲ್ಲ, ಹೇಳಿ ಹೋಗಲು ಬಂದಿದ್ದಾರೆ. ಕೆಲವರು ಮುಖಕ್ಕೆ ಬಾಗಿಲು ಹಾಕಿದರು. ಒಬ್ಬ ಈ ವಾರ ಯಾವ ಪಕ್ಷ ಅಂತ ಕೇಳಿದ. ಇನ್ನೊಬ್ಬಳು, ನಿಮಗೆ ಮಾತು ಬಾರದೆಂದು ಪಾಚಿಯವನನ್ನು ಇಟ್ಟುಕೊಂಡಿದ್ದೀರಾ ಅಂದಳು. ಅವಳ ಮಾಡಿನಲ್ಲಿ ಆಗ ಗೇಣುದ್ದ ಪಾಚಿ ಇತ್ತು, ನಾನು ಅದನ್ನು ನೋಡಿ ಮುಂದಿನ ಬಾಗಿಲಿಗೆ ನಡೆದೆ. ಮೈಸೂರಿನ ಹುಡುಗಿಯ ಅತ್ತೆ ನಾನು ಕನ್ನಡದಲ್ಲಿ ಹೇಳಿದ್ದನ್ನು ಕೇಳಿ ಒಳಗೆ ಹೋಗಿ ಎರಡು ಕಿತ್ತಳೆ ತಂದು ಅವರ ಕೈಗಿಟ್ಟು, "ಅಯ್ಯೋ ಪಾಪ, ಇಷ್ಟೇನಾ? ಮೊದಲೇ ಹೇಳಬಾರದಿತ್ತಾ?" ಅಂದರು. ಪ್ರತಿ ಬಾಗಿಲು ಮುಗಿದಾಗ ಮೆಂಬರ್ರ ಬಾಯಿ ಸ್ವಲ್ಪ ಮುಚ್ಚುತ್ತಾ ಬಂತು. ಹೀಗೆ ಹೇಳಿದರೆ ನಂಬುವುದು ಕಷ್ಟ, ಆದರೆ ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಕೊನೆಮನೆಯನ್ನು ನಾನು ತಪ್ಪಿಸಬೇಕೆಂದಿದ್ದೆ. ಅವರು ನನ್ನ ಕೈ ಬಿಡಿಸಿಕೊಂಡು ನಡೆದರು. ತಟ್ಟಿದರು. ಮೆಟ್ಟಿಲಿಳಿದು ನಿಂತರು. ಅವನು ಬಾಗಿಲು ತೆರೆದ. ಎಡಗೈ ಚೌಕಟ್ಟಿನ ಮೇಲಿತ್ತು, ಬಲಗೈ ಬಾಗಿಲ ಹಿಂದೆ. ನನ್ನ ಬಾಯಿಗೆ ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಒಳಗೆಲ್ಲೋ ಫ್ರಿಜ್ಜು ಗುಂಯ್‌ಗುಡುತ್ತಿತ್ತು.

"ಪ್ರತಿ ಸಲ ನಿನಗೇ ವೋಟು ಹಾಕಿದೆ. ಆ ಕಡೆ ಹೋಗುವ ಮೊದಲು ಒಂದು ಸಲ ನನ್ನನ್ನು ಕೇಳಿದೆಯಾ?" ಅಂದ ಅವನು.

ಮೆಂಬರ್ರು ತಲೆಯೆತ್ತಿದರು. "ಇಲ್ಲ," ಅಂದರು. "ಕೇಳಬೇಕಿತ್ತು. ನಿನ್ನ ಹತ್ತಿರ ಬೈಸಿಕೊಂಡಾದರೂ ಹೋಗಬೇಕಿತ್ತು. ಈಗ ಹೇಳಿ ಹೋಗಲು ಬಂದೆ."

ಅವನ ಬಲಗೈ ಹೊರಗೆ ಬರಲಿಲ್ಲ. ಅದರಲ್ಲಿ ಏನಿತ್ತೋ ನಾನು ಕಾಣಲಿಲ್ಲ, ಕಾಣುವ ಆಸೆಯೂ ಇಲ್ಲ. "ಸರಿ. ಹೋಗು ಹಾಗಾದರೆ," ಅಂದ. ಬಾಗಿಲನ್ನು ಬಡಿಯಲಿಲ್ಲ, ಮೆಲ್ಲಗೆ ಮುಚ್ಚಿದ. ಹಿಂತಿರುಗುವಾಗ ದಾರಿಯುದ್ದಕ್ಕೂ ಮೆಂಬರ್ರು ಮಾತಾಡಿದರು. ಯಾರ ಮನೆಯ ನಾಯಿ ಕಚ್ಚಿತ್ತು, ಯಾರು ಚಹಾ ಕೊಟ್ಟಿದ್ದರು, ಎಲ್ಲ. ಖಾಲಿ ಮನೆಯ ಮುಂದೆ ಹಾದು ಹೋದಾಗ ಅತ್ತ ತಿರುಗಿ ನೋಡಲಿಲ್ಲ.

ಆಗಸ್ಟಿನಲ್ಲಿ ಈಸ್ಟ್‌ಗೇಟಿನಲ್ಲಿರುವ ಅವರ ಮಗಳು ಫೋನು ಮಾಡಿದಳು. ಮಧ್ಯಾಹ್ನ ಊಟವಾದ ಮೇಲೆ ಮೆಂಬರ್ರು ಕುರ್ಚಿಯಲ್ಲೇ ತೀರಿಹೋಗಿದ್ದರು. ಆ ಸಂಜೆಯ ನಂತರ ಒಂದು ದಿನವೂ ಒಬ್ಬರೇ ಹೊರಗೆ ಹೋಗಿರಲಿಲ್ಲವಂತೆ, ಮಗುವಿನ ಹಾಗೆ ನಿದ್ದೆ ಮಾಡುತ್ತಿದ್ದರಂತೆ. ಅವರು ಹೋದ ದಿನ ನಿಮ್ಮ ಬಾಗಿಲು ಯಾರಾದರೂ ತಟ್ಟಿದರಾ ಅಂತ ನಾನು ಬೀದಿಯಲ್ಲಿ ಮನೆಮನೆಗೆ ಹೋಗಿ ವಿಚಾರಿಸಿದೆ. ಯಾರೂ ತಟ್ಟಿರಲಿಲ್ಲ. ಆಗ ನನಗೆ ಸಮಾಧಾನವಾಯಿತು, ಆಗ ಅಳು ಬಂತು.

ಅವರ ಅಂತ್ಯಕ್ರಿಯೆಗೆ ಎರಡೂ ಪಕ್ಷದವರು ಬಂದು ಆಚೆಗೊಂದು ಈಚೆಗೊಂದು ಸಾಲು ಹಿಡಿದು ಕೂತರು. ನಾವು ಬೀದಿಯವರು ನಡುವೆ ಕೂತೆವು. ಕೊನೆಮನೆಯವನು ನನ್ನ ಪಕ್ಕ ಜಾಗ ಮಾಡಿಸಿಕೊಂಡ. ಹನ್ನೆರಡು ವರ್ಷ ನಾನು ಈ ಮನೆಗಳ ಮೇಲಿದ್ದೆ. ಬಾಗಿಲಿನಿಂದ ಒಳಗೆ ಹೋಗುವುದನ್ನು ನನಗೆ ಕಲಿಸಿದವರು ಅವರು. ಆ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ.

ಇವತ್ತಿಗೆ ನನ್ನ ಹತ್ತಿರ ಇರುವುದು ಎರಡು ವ್ಯಾನು, ನಾಲ್ಕು ಏಣಿ, ಸಾಲ ತೀರಿದ ಒಂದು ಮನೆ, ಒಬ್ಬಳು ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ನನ್ನನ್ನು ಹೆಸರು ಹಿಡಿದು ಒಳಗೆ ಕರೆಯುವ ಹನ್ನೊಂದು ಮನೆ.