ಕಡತ ಯಾರ ಬಳಿ ನಿಂತಿತ್ತು

ಗೋಣಿಕೊಪ್ಪಲಿನ ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತೇನೆ. ಆಗ ನನ್ನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದವಳು ಒಬ್ಬಳೇ, ಸಂಪಾಜೆ ಕಡೆಯವಳು. ಕರಿಮೆಣಸಿನ ಬಳ್ಳಿಗೆ ಬರುವ ಸೊರಗು ರೋಗದ ಬೆನ್ನು ಹತ್ತಿ, ಜಿಗಣೆ ಕಚ್ಚಿಸಿಕೊಂಡು ತೋಟ ತೋಟ ಅಲೆದಿದ್ದಳು.

ವಿಶ್ವವಿದ್ಯಾಲಯ ಸಂಶೋಧನೆಯ ಕಾಗದಪತ್ರವನ್ನೆಲ್ಲ ಆನ್‌ಲೈನ್ ಪೋರ್ಟಲ್‌ಗೆ ಹಾಕಿತ್ತು. ಆರು ತಿಂಗಳಿಗೊಮ್ಮೆ ವಿದ್ಯಾರ್ಥಿ ವರದಿ ಏರಿಸಬೇಕು, ಮಾರ್ಗದರ್ಶಕರು ಒಳಗೆ ಹೋಗಿ ಒಪ್ಪಿಗೆ ಒತ್ತಬೇಕು. ಕೊನೆಕೊನೆಗೆ ಅವಳ ವರದಿಗಳನ್ನು ನಾನು ಮೊಬೈಲಿನಲ್ಲಿ ಓದಿ, ಫೋನಿನಲ್ಲೇ ತಿದ್ದುಪಡಿ ಹೇಳಿ ಮುಗಿಸುತ್ತಿದ್ದೆ.

ಒಂದು ಬೆಳಿಗ್ಗೆ ಅವಳ ಫೋನ್ ಬಂತು. "ಮೇಡಂ, ಥೀಸಿಸ್ ಹಾಕ್ಲಿಕ್ಕೆ ಹೋದ್ರೆ ನೋಂದಣಿ ರದ್ದು ಅಂತ ಬರ್ತದೆ." ಅವಳಿಗೆ ಆಗ ಏಳು ತಿಂಗಳು. ಹೆರಿಗೆಗೆ ಮೊದಲೇ ಸಲ್ಲಿಸಿಬಿಡಬೇಕೆಂಬ ಆಸೆ.

ಲ್ಯಾಬಿನ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಕೊನೆಯ ಎರಡು ವರದಿಗಳ ಮುಂದೆ ಕೆಂಪಕ್ಷರ: ಮಾರ್ಗದರ್ಶಕರ ಒಪ್ಪಿಗೆ ಬಾಕಿ. ಎರಡು ಬಾಕಿಯಾದರೆ ನೋಂದಣಿ ರದ್ದು ಎಂಬ ಎಚ್ಚರಿಕೆಯ ಮೇಲ್‌ಗಳೂ ಬಂದು ಬಿದ್ದಿದ್ದವು, ತೆರೆದೇ ಇರಲಿಲ್ಲ.

"ಸಿಸ್ಟಮ್ ತಪ್ಪಿರ್ಬೇಕು, ನೋಡ್ತೀನಿ" ಎಂದು ಅವಳಿಗೆ ಹೇಳಿಬಿಟ್ಟೆ.

ಎರಡು ದಿನ ಕುಳಿತಲ್ಲಿ ಕೂರಲಾಗಲಿಲ್ಲ. ಪಾಠ ಮಾಡುತ್ತ ಹೇಳಿದ್ದನ್ನೇ ಹೇಳಿದೆ. ಸಹಾಯವಾಣಿಗೆ ಹತ್ತು ಸಲ ಫೋನ್ ಹಚ್ಚಿದೆ, ಯಾರೂ ಎತ್ತಲಿಲ್ಲ. ಮೂರನೆಯ ದಿನ ರಜೆ ಹಾಕಿ ವಿಶ್ವವಿದ್ಯಾಲಯಕ್ಕೆ ಬಸ್ಸು ಹತ್ತಿದೆ. ತಿತಿಮತಿ ದಾಟಿ ಕಾಡಿನ ರಸ್ತೆಯಲ್ಲಿ ಹೋಗುವಾಗ ನೆಟ್‌ವರ್ಕ್ ಇಲ್ಲದಿದ್ದರೂ ಫೋನನ್ನು ತೆಗೆದು ತೆಗೆದು ನೋಡುತ್ತಿದ್ದೆ.

ಸಂಶೋಧನಾ ವಿಭಾಗದ ಅಧಿಕಾರಿಣಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. "ನೋಂದಣಿ ಮತ್ತೆ ತೆರೆಸೋ ಅರ್ಜಿ ಸಮಿತಿ ಮುಂದೆ ಹೋಗ್ಬೇಕು. ಕಾರಣ ಏನಂತ ಬರೀತೀರಿ ಮೇಡಂ? ಎಲ್ಲರೂ ತಾಂತ್ರಿಕ ದೋಷ ಅಂತಾರೆ. ಆದ್ರೆ ಯಾರು ಯಾವಾಗ ಒಳಗೆ ಬಂದ್ರು ಅನ್ನೋದು ಪೋರ್ಟಲ್‌ನಲ್ಲಿ ದಾಖಲಾಗಿರುತ್ತೆ. ಸಮಿತಿಯವರು ತೆಗೆಸಿ ನೋಡಿದ್ರೆ ಹುಡುಗಿ ಅರ್ಜಿ ಅಲ್ಲೇ ಕೂತ್ಕೊಳ್ಳುತ್ತೆ."

ತಪ್ಪು ನನ್ನದು, ವಿದ್ಯಾರ್ಥಿನಿಯದಲ್ಲ ಎಂದು ಬರೆದು ಸಹಿ ಹಾಕಿದೆ. ಬಸ್ ನಿಲ್ದಾಣಕ್ಕೆ ಬಂದು ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ನಂಗೆ ಗೊತ್ತಿತ್ತು ಮೇಡಂ. ಕಡತ ಯಾರತ್ರ ನಿಂತಿದೆ ಅಂತ ನನ್ನ ಲಾಗಿನ್‌ನಲ್ಲೂ ಕಾಣ್ತದೆ. ನೀವಾಗೇ ಹೇಳ್ತೀರೇನೋ ಅಂತ ಕಾದೆ" ಎಂದಳು.

ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸ್ಸು ಬಂದು ನಿಂತರೂ ಹತ್ತಲು ತೋಚಲಿಲ್ಲ. ಅದು ಹೋಯಿತು, ಮುಂದಿನದಕ್ಕೆ ಬಂದೆ.

ಸಮಿತಿ ಒಪ್ಪುವಷ್ಟರಲ್ಲಿ ಅವಳಿಗೆ ಹೆರಿಗೆಯಾಗಿತ್ತು. ಬಾಣಂತನದಲ್ಲೇ ಥೀಸಿಸ್ ಸಲ್ಲಿಸಿದಳು. ಮೌಖಿಕ ಪರೀಕ್ಷೆಯ ದಿನ ಅವಳ ತಾಯಿ ಮಗುವನ್ನು ಎತ್ತಿಕೊಂಡು ವರಾಂಡದಲ್ಲಿ ಓಡಾಡುತ್ತಿದ್ದರು. ಒಳಗೆ ಅವಳು ಒಂದು ಪ್ರಶ್ನೆಗೂ ತಡವರಿಸಲಿಲ್ಲ. ಮುಗಿದ ಮೇಲೆ ಎಲ್ಲರಿಗೂ ಕೊಟ್ಟ ಹಾಗೆ ನನಗೂ ಸಿಹಿ ಕೊಟ್ಟು, "ಬರ್ತೇನೆ ಮೇಡಂ" ಎಂದಳು. ಮೊದಲಾದರೆ ಇನ್ನೂ ಒಂದು ಗಂಟೆ ಕೂತು ಹರಟುತ್ತಿದ್ದಳು.